ಜೊಲ್ಲಿನ ಪ್ರೋಟೀನು, ಚೀನೀ ವೈದ್ಯ ಮತ್ತು ಕ್ಯಾನ್ಸರ್: ಪದೇ ಪದೇ ಕೇಳುವ ಪ್ರಶ್ನೆಗಳು

"ಉಗುಳಿದರೆ ಸಾಕು, ಕ್ಯಾನ್ಸರ್ ಗೊತ್ತಾಗುತ್ತೆ" ಅನ್ನುವ ಫಾರ್ವರ್ಡ್ ವಾಟ್ಸಾಪಿನಲ್ಲಿ ಬಂದಾಗಲೆಲ್ಲ ಯಾರಾದರೂ ಒಬ್ಬರು ಅದನ್ನು ನನ್ನ ಕಡೆ ತಳ್ಳುತ್ತಾರೆ. ಇದರ ಪಕ್ಕದಲ್ಲೇ ಇನ್ನೊಂದು ವಿಷಯವಿದೆ. ಚೀನಾದ ಪಾರಂಪರಿಕ ವೈದ್ಯರು ನಾಡಿ ಹಿಡಿದು ಹೇಳಿದ್ದನ್ನು ಜೊಲ್ಲಿನ ಪ್ರೋಟೀನಿನಿಂದ ತಾಳೆ ನೋಡುವ ಸಂಶೋಧನೆ ಅದು. ಜನ ಎರಡನ್ನೂ ಒಂದೇ ಅಂದುಕೊಂಡು ಪ್ರಶ್ನೆ ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಯ್ತು. ಅದಕ್ಕೇ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಸರಳವಾಗಿ ಹೇಳಿ, ಇದು ಏನು ಕೆಲಸ?

ಚೀನೀ ವೈದ್ಯರು ಒಬ್ಬ ಕ್ಯಾನ್ಸರ್ ರೋಗಿಯ ನಾಲಿಗೆ ನೋಡುತ್ತಾರೆ, ನಾಡಿ ಹಿಡಿಯುತ್ತಾರೆ, ನಾಲ್ಕು ಮಾತು ಕೇಳುತ್ತಾರೆ. ಆಮೇಲೆ "ಇವರದು ಇಂಥ ಬಗೆ" ಎಂದು ಹೇಳುತ್ತಾರೆ. ಅದೇ ರೋಗಿಯ ಜೊಲ್ಲು ಲ್ಯಾಬಿಗೆ ಹೋಗುತ್ತದೆ. ವೈದ್ಯರು ಹೇಳಿದ ಬಗೆಗೆ ಹೊಂದುವ ಗುರುತು ಅದರ ಪ್ರೋಟೀನುಗಳಲ್ಲಿ ಏನಾದರೂ ಇದೆಯಾ ಎಂದು ಅಲ್ಲಿ ಹುಡುಕುತ್ತಾರೆ.

ಒಂದು ವಿಷಯ ಮೊದಲೇ ತಲೆಯಲ್ಲಿರಲಿ. ಇಲ್ಲಿ ಕ್ಯಾನ್ಸರ್ ಇದೆ ಎಂಬುದು ಆಗಲೇ ಗೊತ್ತು. ಬಯಾಪ್ಸಿ ಆಗಿದೆ, ಸ್ಕ್ಯಾನ್ ಆಗಿದೆ. ಜೊಲ್ಲನ್ನು ಕೇಳುತ್ತಿರುವುದು "ಕ್ಯಾನ್ಸರ್ ಇದೆಯಾ" ಅಂತ ಅಲ್ಲ. "ವೈದ್ಯರು ಹೇಳಿದ ಬಗೆ ನಿಜಾನಾ" ಅಂತ.

ಆ 'ಬಗೆ' ಅಂದರೆ ಏನು?

ಚೀನೀ ಭಾಷೆಯಲ್ಲಿ ಅದಕ್ಕೆ 'ಝೆಂಗ್' ಎನ್ನುತ್ತಾರೆ. ರೋಗದ ಹೆಸರು ಬೇರೆ, ಝೆಂಗ್ ಬೇರೆ. ಹೊಟ್ಟೆಯ ಕ್ಯಾನ್ಸರ್ ಇರುವ ಇಬ್ಬರನ್ನು ತಗೊಳ್ಳಿ. ಒಬ್ಬರಿಗೆ ಸುಸ್ತು, ಊಟ ಸೇರಲ್ಲ, ಹೊಟ್ಟೆ ಉಬ್ಬರ, ನಾಲಿಗೆ ಬಿಳಿಚಿಕೊಂಡು ಅಂಚಿನಲ್ಲಿ ಹಲ್ಲಿನ ಗುರುತು. ವೈದ್ಯರು "ಗುಲ್ಮದ ಚೀ ಕಡಿಮೆ" ಎನ್ನುತ್ತಾರೆ. ಚೀ ಅಂದರೆ ಅವರ ಲೆಕ್ಕದಲ್ಲಿ ಮೈಯನ್ನು ನಡೆಸುವ ಶಕ್ತಿ. ಇನ್ನೊಬ್ಬರಿಗೆ ಬಾಯಿ ಕಹಿ, ನಾಲಿಗೆ ಮೇಲೆ ಹಳದಿ ಜಿಡ್ಡು. ಅವರದು "ತೇವ ಮತ್ತು ಉಷ್ಣ". ಆಸ್ಪತ್ರೆ ಫೈಲಿನಲ್ಲಿ ಇಬ್ಬರ ರೋಗವೂ ಒಂದೇ, ಆದರೆ ಕೊಡುವ ಕಷಾಯ ಬೇರೆ. ಉಲ್ಟಾ ಕೂಡ ಆಗುತ್ತದೆ. ರೋಗ ಬೇರೆ ಬೇರೆ ಇದ್ದು ಝೆಂಗ್ ಒಂದೇ ಆದರೆ ಔಷಧಿಯೂ ಒಂದೇ.

ಇಲ್ಲಿ ಗುಲ್ಮ ಅಂದರೆ ನಿಮ್ಮ ಎಡಗಡೆ ಪಕ್ಕೆಯ ಕೆಳಗಿರುವ ಅಂಗ ಅಷ್ಟೇ ಅಲ್ಲ. ಜೀರ್ಣಶಕ್ತಿ, ತಿಂದದ್ದು ಮೈಗೆ ಹತ್ತುವುದು, ಎಲ್ಲ ಸೇರಿ ಒಂದು ಕಲ್ಪನೆ. ನಮ್ಮಲ್ಲಿ ಅಗ್ನಿಮಾಂದ್ಯ ಎಂದಾಗ ಯಾರೂ ಹೊಟ್ಟೆಯೊಳಗೆ ಒಲೆ ಹುಡುಕುವುದಿಲ್ಲ ಅಲ್ವಾ, ಹಾಗೆ.

ರಕ್ತ ಬಿಟ್ಟು ಜೊಲ್ಲೇ ಯಾಕೆ?

ಮೊದಲ ಕಾರಣ, ಸೂಜಿ ಬೇಡ. ಕೀಮೋ ತಗೊಂಡು ನರಗಳೆಲ್ಲ ಗಟ್ಟಿಯಾದವರಿಗೆ ಮತ್ತೊಂದು ಸಲ ಸೂಜಿ ಚುಚ್ಚುವುದು ಎಂಥ ಕಷ್ಟ ಎಂದು ಜೊತೆಗಿದ್ದವರಿಗೆ ಗೊತ್ತು. ಜೊಲ್ಲನ್ನು ದಿನಕ್ಕೆ ಮೂರು ಸಲ ಬೇಕಾದರೂ ತೆಗೆಯಬಹುದು.

ಎರಡನೆಯದು, ಜೊಲ್ಲು ಬರೀ ನೀರಲ್ಲ. ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರ್ ವರೆಗೆ ಊರುತ್ತದೆ. ಅದರಲ್ಲಿ ನೂರಕ್ಕೆ 99ರಷ್ಟು ನೀರೇ. ಉಳಿದ ಆ ಒಂದು ಪಾಲಿನಲ್ಲಿ ಪ್ರೋಟೀನುಗಳ ಸಂತೆಯೇ ಇದೆ. ಅಮೆರಿಕದ ಮೂರು ಸಂಶೋಧನಾ ತಂಡಗಳು ಸೇರಿ 2008ರಲ್ಲಿ ಪಟ್ಟಿ ಮಾಡಿದಾಗ ಸಿಕ್ಕಿದ್ದು 1166 ಪ್ರೋಟೀನುಗಳು. ಜೊಲ್ಲಿನ ಗ್ರಂಥಿಗಳ ಸುತ್ತ ರಕ್ತನಾಳಗಳು ದಟ್ಟವಾಗಿವೆ. ಹಾಗಾಗಿ ರಕ್ತದಲ್ಲಿರುವ ಕೆಲವು ವಸ್ತುಗಳು ಸ್ವಲ್ಪ ಪ್ರಮಾಣದಲ್ಲಿ ಇಲ್ಲಿಗೂ ಸೋರಿಕೊಂಡು ಬರುತ್ತವೆ.

ಮೂರನೆಯ ಕಾರಣ ಚೀನೀ ವೈದ್ಯಪದ್ಧತಿಯ ಒಳಗಿನದು, ನನಗೆ ತುಂಬಾ ಇಷ್ಟವಾದದ್ದು. ಅವರ ಹಳೆಯ ಗ್ರಂಥ ಹುವಾಂಗ್‌ದೀ ನೇಯ್‌ಜಿಂಗ್‌ನಲ್ಲಿ ಐದು ಅಂಗಕ್ಕೆ ಐದು ದ್ರವ ಹೇಳಿದ್ದಾರೆ. ಹೃದಯಕ್ಕೆ ಬೆವರು, ಶ್ವಾಸಕೋಶಕ್ಕೆ ಸಿಂಬಳ, ಯಕೃತ್ತಿಗೆ ಕಣ್ಣೀರು. ಬಾಯಿನೀರಿಗೆ ಬಂದಾಗ ಮಾತ್ರ ಎರಡು. 'ಶಿಯಾನ್' ಗುಲ್ಮದ್ದು, 'ತುವೋ' ಮೂತ್ರಪಿಂಡದ್ದು. ಶಿಯಾನ್ ಅಂದರೆ ತೆಳ್ಳಗೆ ತಾನಾಗಿ ಹರಿಯುವುದು, ತುವೋ ಅಂದರೆ ಸ್ವಲ್ಪ ಗಟ್ಟಿ, ಉಗುಳುವಂಥದ್ದು. ಇಂಗ್ಲಿಷಿನವರಿಗೆ ಇದನ್ನು ಹೇಳಿ ಅರ್ಥ ಮಾಡಿಸಲು ಒಂದು ಪುಟ ಬೇಕು. ನಮಗೆ ಬೇಡ. ಮಗುವಿನ ಬಾಯಿಂದ ಸುರಿಯುವುದು ಜೊಲ್ಲು, ದೊಡ್ಡವರು ಉಗಿಯುವುದು ಉಗುಳು. ಅದೇ ನೀರು ಲೋಟಕ್ಕೆ ತಾಗಿದರೆ ಎಂಜಲು.

ಇದು ಹೊಸ ಐಡಿಯಾನಾ?

ಅಲ್ಲ. ಝೆಂಗ್‌ಗೆ ಲ್ಯಾಬಿನಲ್ಲಿ ಸಾಕ್ಷಿ ಹುಡುಕುವ ಕೆಲಸ ಚೀನಾದಲ್ಲಿ 1950ರ ದಶಕದ ಕೊನೆಯಲ್ಲೇ ಶುರುವಾಯಿತು. ಶಾಂಘೈನಲ್ಲಿ ಶೆನ್ ಝಿಯಿನ್ ಎಂಬ ವೈದ್ಯರಿದ್ದರು. ಓದಿದ್ದು ಪಾಶ್ಚಾತ್ಯ ವೈದ್ಯ, ಆಮೇಲೆ ಕಲಿತದ್ದು ಚೀನೀ ವೈದ್ಯ. ಬೇರೆ ಬೇರೆ ರೋಗದವರಿಗೆಲ್ಲ ತಮ್ಮ ಚೀನೀ ವೈದ್ಯರು "ಮೂತ್ರಪಿಂಡದ ಯಾಂಗ್ (ಮೈಯ ಬಿಸಿ, ಚುರುಕು) ಕಡಿಮೆ" ಎಂದು ಒಂದೇ ಹೆಸರು ಕೊಡುವುದನ್ನು ಅವರ ತಂಡ ನೋಡಿತು. ಇವರೆಲ್ಲರ ಮೈಯಲ್ಲಿ ಅಂಥದ್ದೇನು ಒಂದೇ ಥರ ಇದೆ? ಒಂದಿಡೀ ದಿನದ ಮೂತ್ರ ಹಿಡಿದು ಪರೀಕ್ಷೆ ಮಾಡಿದಾಗ ಅಡ್ರಿನಲ್ ಗ್ರಂಥಿಯ ಹಾರ್ಮೋನಿಗೆ ಸಂಬಂಧಪಟ್ಟ ಒಂದು ವಸ್ತು ಕಡಿಮೆ ಇರುವುದು ಕಂಡಿತು. ಮುಂದಿನ ಎಲ್ಲ ಕೆಲಸಕ್ಕೂ ಇದೇ ಮೂಲ ಮಾದರಿಯಾಯಿತು.

ಜೊಲ್ಲಿನ ಸರದಿ ಬಂದದ್ದು ಆಮೇಲೆ. ಗುಲ್ಮದ ದ್ರವ ಜೊಲ್ಲು ಎಂದ ಮೇಲೆ, ಗುಲ್ಮ ಸೋತವರ ಜೊಲ್ಲಿನಲ್ಲಿ ವ್ಯತ್ಯಾಸ ಇರಬೇಕು ತಾನೇ? ಚೀನೀ ಸಂಶೋಧಕರು ಹಿಡಿದದ್ದು ಅಮೈಲೇಸ್ ಎಂಬ ಪ್ರೋಟೀನನ್ನು. ಪಿಷ್ಟವನ್ನು ಸಕ್ಕರೆ ಮಾಡುವುದು ಅದರ ಕೆಲಸ. ಒಂದು ತುತ್ತು ಅನ್ನ ಅಥವಾ ಒಂದು ಹಿಡಿ ಅವಲಕ್ಕಿ ಬಾಯಿಗೆ ಹಾಕಿಕೊಂಡು ನುಂಗದೆ ಎರಡು ನಿಮಿಷ ಅಗಿಯಿರಿ. ಸಿಹಿ ಬರುತ್ತದಲ್ಲ, ಅದು ಅಮೈಲೇಸ್ ಮಾಡಿದ್ದು.

ಪರೀಕ್ಷೆ ಹೀಗೆ. ಮೊದಲು ಸುಮ್ನೆ ಊರಿದ ಜೊಲ್ಲು ತೆಗೆಯುತ್ತಾರೆ. ಆಮೇಲೆ ನಾಲಿಗೆಗೆ ಸಿಟ್ರಿಕ್ ಆಮ್ಲ, ಅಂದರೆ ನಿಂಬೆಯ ಹುಳಿ, ಮುಟ್ಟಿಸಿ ಇನ್ನೊಮ್ಮೆ ತೆಗೆಯುತ್ತಾರೆ. ಹುಣಸೆಹಣ್ಣು ನೆನೆದರೇ ನಮಗೆ ಬಾಯಲ್ಲಿ ನೀರೂರುತ್ತದೆ, ಹುಳಿ ತಾಗಿದರೆ ಕೇಳಬೇಕಾ. ಆರೋಗ್ಯವಂತರಲ್ಲಿ ಹುಳಿ ತಾಗಿದ ಮೇಲೆ ಅಮೈಲೇಸಿನ ಚುರುಕು ಏರುತ್ತದೆ. ಗುಲ್ಮ ಸೋತವರೆಂದು ಹೆಸರಾದವರಲ್ಲಿ ಏರುವ ಬದಲು ಇಳಿಯುತ್ತದೆ ಎಂದು ಅಲ್ಲಿನ ತಂಡಗಳು ಬರೆದವು. 1980ರ ದಶಕದ ಹೊತ್ತಿಗೆ ಗುಲ್ಮದ ಕೊರತೆಯನ್ನು ಗುರುತಿಸಲು ಚೀನಾದಲ್ಲಿ ಇದನ್ನು ಒಂದು ಪೂರಕ ಪರೀಕ್ಷೆಯಾಗಿ ಬಳಸುತ್ತಿದ್ದರು.

ಇದರಲ್ಲೂ ಒಂದು ಕೊಕ್ಕೆ ಇದೆ. ಅಮೈಲೇಸ್ ಮಾಡುವ ಜೀನಿನ ಪ್ರತಿಗಳು ಎಲ್ಲರಲ್ಲೂ ಒಂದೇ ಸಂಖ್ಯೆಯಲ್ಲಿ ಇರುವುದಿಲ್ಲ. ಕೆಲವರಲ್ಲಿ ಎರಡು, ಕೆಲವರಲ್ಲಿ ಹತ್ತಕ್ಕೂ ಮೇಲೆ. ಪಿಷ್ಟ ಜಾಸ್ತಿ ತಿನ್ನುವ ಜನಾಂಗಗಳಲ್ಲಿ ಪ್ರತಿಗಳು ಜಾಸ್ತಿ ಎಂದು 2007ರಲ್ಲಿ ಗೊತ್ತಾಯಿತು. ಹಾಗಾದರೆ ಅಮೈಲೇಸ್ ಕಡಿಮೆ ಇದ್ದವರು ಗುಲ್ಮ ಸೋತವರಾ, ಇಲ್ಲ ಹುಟ್ಟುವಾಗಲೇ ಕಡಿಮೆ ಪ್ರತಿ ತಂದವರಾ? ಒಂದು ಸಂಖ್ಯೆ ಇಟ್ಟುಕೊಂಡು ಹೇಳಲು ಆಗುವುದಿಲ್ಲ. ಹುಳಿ ಮುಟ್ಟಿಸುವ ಮೊದಲು ಎಷ್ಟು, ಆಮೇಲೆ ಎಷ್ಟು ಎಂದು ಅದೇ ವ್ಯಕ್ತಿಯ ಜೊತೆ ಹೋಲಿಸಿದ್ದು ಅದಕ್ಕೇ ಜಾಣತನ.

ಜೊಲ್ಲು ಹೇಗೆ ತೆಗೆಯುತ್ತಾರೆ? ಉಗಿದರೆ ಆಯ್ತಾ?

ಉಗಿಯಬಾರದು. ಕ್ಯಾಕರಿಸಿ ಉಗಿದರೆ ಗಂಟಲಿನ ಕಫವೂ ಬರುತ್ತದೆ, ಅದು ಬೇರೆ ಪದಾರ್ಥ.

ನಾನು ಒಂದು ಅಧ್ಯಯನಕ್ಕೆ ಆರೋಗ್ಯವಂತರ ಗುಂಪಿನಲ್ಲಿ ಜೊಲ್ಲು ಕೊಟ್ಟಿದ್ದೇನೆ. ಬೆಳಿಗ್ಗೆ ಒಂಬತ್ತಕ್ಕೆ ಬರಲು ಹೇಳಿದ್ದರು. ಮೊದಲ ದಿನ ವಾಪಸ್ ಕಳಿಸಿದರು. ಕಾರಣ, ಮನೆಯಿಂದ ಹೊರಡುವಾಗ ಅಭ್ಯಾಸಬಲದಿಂದ ಅರ್ಧ ಲೋಟ ಫಿಲ್ಟರ್ ಕಾಫಿ ಕುಡಿದಿದ್ದೆ. ಮಾರನೇ ದಿನ ಖಾಲಿ ಬಾಯಲ್ಲಿ ಹೋದೆ. ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ ಹತ್ತು ನಿಮಿಷ ಕೂರಿಸಿದರು. ಆಮೇಲೆ ತಲೆ ಬಗ್ಗಿಸಿ, ತುಟಿ ಸಡಿಲ ಬಿಟ್ಟು, ಐಸಿನಲ್ಲಿಟ್ಟ ಟ್ಯೂಬಿಗೆ ತಾನಾಗಿ ಇಳಿಯಲು ಬಿಡಬೇಕು. ಐದು ಎಂಎಲ್ ಅಂದರೆ ಒಂದು ಟೀ ಚಮಚ, ಏನು ಮಹಾ ಅಂದುಕೊಂಡಿದ್ದೆ. ಬೇಕು ಅಂದಾಗಲೇ ಬಾಯಿ ಒಣಗುತ್ತದೆ. ಎದುರಿಗೆ ಕೂತ ಹುಡುಗಿ ಗಡಿಯಾರ ನೋಡುತ್ತಿದ್ದಾಳೆ. ನನಗೋ ಎಳೆಮಗುವಿನ ಹಾಗೆ ಎಳೆ ಎಳೆಯಾಗಿ ಜೊಲ್ಲು ಸುರಿಸುವ ನಾಚಿಕೆ. ಹದಿನೈದು ನಿಮಿಷ ಹಿಡಿಯಿತು.

ಐಸು ಯಾಕೆಂದರೆ ಜೊಲ್ಲಿನಲ್ಲೇ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳಿವೆ, ಬ್ಯಾಕ್ಟೀರಿಯಾಗಳೂ ಇವೆ. ಮೇಜಿನ ಮೇಲೆ ಇಟ್ಟು ಮರೆತರೆ ಹುಡುಕುತ್ತಿರುವ ಪ್ರೋಟೀನು ಚೂರು ಚೂರಾಗಿರುತ್ತದೆ. ಬೆಳಗಿನ ಜೊಲ್ಲು, ಮಧ್ಯಾಹ್ನದ ಜೊಲ್ಲು ಒಂದೇ ಅಲ್ಲ. ಹೀಗಾಗಿ ಎಲ್ಲರದ್ದೂ ಒಂದೇ ಹೊತ್ತಿಗೆ ತೆಗೆಯಬೇಕು. ತೆಗೆದ ತಕ್ಷಣ ಗಿರ್ರನೆ ತಿರುಗಿಸಿ, ಕಸ ಕೆಳಗೆ ಕೂರಿಸಿ, ತಿಳಿಯನ್ನು ಮೈನಸ್ 80 ಡಿಗ್ರಿಯಲ್ಲಿ ಇಡುತ್ತಾರೆ.

ಆಮೇಲೆ ಲ್ಯಾಬಿನಲ್ಲಿ?

ಪ್ರೋಟೀನುಗಳನ್ನು ಕಿಣ್ವ ಹಾಕಿ ತುಂಡು ಮಾಡಿ, ತುಂಡುಗಳ ತೂಕವನ್ನು ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಅಳೆದು, ಯಾವ ತುಂಡು ಯಾವ ಪ್ರೋಟೀನಿನದು ಎಂದು ಕಂಪ್ಯೂಟರ್ ಹೊಂದಿಸುತ್ತದೆ. ಎರಡು ಗುಂಪಿನಲ್ಲಿ ಹೆಚ್ಚುಕಡಿಮೆ ಇರುವವನ್ನು ಆರಿಸಿ, ಬೇರೆ ರೋಗಿಗಳಲ್ಲಿ ಎಲೈಸಾದಂಥ ಸರಳ ಪರೀಕ್ಷೆಯಿಂದ ಖಚಿತ ಮಾಡಬೇಕು. ಚೀನಾದ ಷಿಆನ್ ನಗರದ ನಾರ್ತ್‌ವೆಸ್ಟ್ ವಿಶ್ವವಿದ್ಯಾಲಯದವರದು ಇನ್ನೊಂದು ದಾರಿ. ಪ್ರೋಟೀನಿಗೆ ಅಂಟಿಕೊಂಡಿರುವ ಸಕ್ಕರೆಯ ಸರಪಳಿ ಹೇಗೆ ಬದಲಾಗುತ್ತದೆ ಎಂದು ಅವರು ಲಿವರ್ ರೋಗಿಗಳ ಜೊಲ್ಲಿನಲ್ಲಿ ನೋಡಿದ್ದಾರೆ.

ಯಾವ ಯಾವ ಪ್ರೋಟೀನುಗಳು ಸಿಕ್ಕಿವೆ?

ಕ್ಯಾನ್ಸರಿಗೆ ಸಂಬಂಧಪಟ್ಟಂತೆ ಜೊಲ್ಲಿನಲ್ಲಿ ಕಂಡವು ಹಲವು ಇವೆ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ವಾಂಗ್ ಅವರ ತಂಡ 2008ರಲ್ಲಿ ಬಾಯಿ ಕ್ಯಾನ್ಸರಿಗೆ ಐದು ಪ್ರೋಟೀನುಗಳ ಗುಂಪು ಹೇಳಿತು. 2012ರಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಮೂರು: ಹ್ಯಾಪ್ಟೋಗ್ಲೋಬಿನ್, ಝಿಂಕ್ ಆಲ್ಫಾ-2 ಗ್ಲೈಕೋಪ್ರೋಟೀನ್, ಕ್ಯಾಲ್ಪ್ರೊಟೆಕ್ಟಿನ್.

ಈ ಮೂರನ್ನು ಸ್ವಲ್ಪ ಹತ್ತಿರದಿಂದ ನೋಡಿ. ಹ್ಯಾಪ್ಟೋಗ್ಲೋಬಿನ್ ಮೈಯಲ್ಲಿ ಎಲ್ಲೇ ಉರಿಯೂತ ಇದ್ದರೂ ಏರುತ್ತದೆ. ಕ್ಯಾಲ್ಪ್ರೊಟೆಕ್ಟಿನ್ ಬಿಳಿ ರಕ್ತಕಣಗಳಿಂದ ಬರುತ್ತದೆ, ವಸಡು ಊದಿದರೂ ಏರುತ್ತದೆ. ಝಿಂಕ್ ಆಲ್ಫಾ-2 ಕೊಬ್ಬು ಕರಗಿಸುವುದಕ್ಕೆ ಸಂಬಂಧಪಟ್ಟದ್ದು, ಕ್ಯಾನ್ಸರಿನಲ್ಲಿ ಮೈ ಇಳಿದುಹೋಗುತ್ತದಲ್ಲ, ಅಲ್ಲಿ ಅದರ ಕೈವಾಡ ಇದೆ.

ಈಗ ಝೆಂಗ್ ಕಡೆ ಬನ್ನಿ. "ಚೀ ಕಡಿಮೆ" ಎಂದು ಹೆಸರಾದ ಗುಂಪಿನಲ್ಲಿ ಇಂಥ ಒಂದು ಪ್ರೋಟೀನು ಜಾಸ್ತಿ ಸಿಕ್ಕಿತು ಅಂತಿಟ್ಟುಕೊಳ್ಳಿ. ಆ ಗುಂಪಿನಲ್ಲಿ ಇರುವವರು ಯಾರು? ಸುಸ್ತಾದವರು, ತೂಕ ಇಳಿದವರು, ಊಟ ಸೇರದವರು. ಅಂದರೆ ಬಹುಪಾಲು ರೋಗ ಮುಂದುವರಿದವರು, ಕೀಮೋ ನಾಲ್ಕೈದು ಸುತ್ತು ಆದವರು. ಹಾಗಾದರೆ ಪ್ರೋಟೀನು ತೋರಿಸುತ್ತಿರುವುದು ಝೆಂಗನ್ನಾ, ರೋಗದ ಹಂತವನ್ನಾ, ಇಲ್ಲ ತೂಕದ ಮೆಷಿನ್ ಹೇಳುವುದನ್ನೇ ದುಬಾರಿ ದಾರಿಯಲ್ಲಿ ಹೇಳುತ್ತಿದೆಯಾ? ಇಂಥ ಸಂಶೋಧನಾ ಪೇಪರ್ ಕೈಗೆ ಬಂದರೆ ನಾನು ಮೊದಲು ನೋಡುವುದು ಇದನ್ನೇ. ಎರಡು ಗುಂಪಿನಲ್ಲೂ ರೋಗದ ಹಂತ, ವಯಸ್ಸು, ತೂಕ, ಕೀಮೋ ಸಮ ಇದೆಯಾ ಎಂದು.

ಝೆಂಗ್ ಗೊತ್ತಾಗಿ ಆಗುವ ಉಪಯೋಗ ಏನು?

ಬೀಜಿಂಗ್‌ನ ಗುವಾಂಗ್‌ಆನ್‌ಮೆನ್, ಶಾಂಘೈನ ಲೊಂಗ್‌ಹುವಾ ಥರದ ಆಸ್ಪತ್ರೆಗಳಲ್ಲಿ ಚೀನೀ ವೈದ್ಯಪದ್ಧತಿಯ ಕ್ಯಾನ್ಸರ್ ವಿಭಾಗಗಳೇ ಇವೆ. ಆಪರೇಷನ್, ಕೀಮೋ, ರೇಡಿಯೇಷನ್ ನಡೆಯುವ ಜೊತೆಗೇ ಸುಸ್ತು, ವಾಂತಿ, ನಿದ್ದೆ, ಹಸಿವಿಗೆ ಕಷಾಯವೂ ನಡೆಯುತ್ತದೆ. ಯಾರಿಗೆ ಯಾವ ಕಷಾಯ ಎಂದು ನಿರ್ಧಾರ ಮಾಡುವುದು ಝೆಂಗ್. ಅದು ತಪ್ಪಿದರೆ ಅವರ ಲೆಕ್ಕದಲ್ಲೇ ಔಷಧಿ ತಪ್ಪು. ಇನ್ನೊಂದು, ಕಷಾಯ ಕೆಲಸ ಮಾಡುತ್ತದಾ ಎಂದು ಪರೀಕ್ಷೆ ಮಾಡಬೇಕಾದರೂ ಒಂದೇ ಝೆಂಗ್‌ನವರನ್ನು ಒಟ್ಟು ಸೇರಿಸಬೇಕು. ಅದಕ್ಕೇ ಒಂದು ಗಟ್ಟಿ ಅಳತೆಗೋಲು ಬೇಕು ಎಂದು ಅವರ ಒದ್ದಾಟ. ಒದ್ದಾಟ ನ್ಯಾಯವಾದದ್ದೇ.

ವೈದ್ಯರು ವೈದ್ಯರೇ ಒಪ್ಪದಿದ್ದರೆ?

ಇದನ್ನು ಕೇಳುವವರು ಕಡಿಮೆ. ಆದರೆ ಇಡೀ ವಿಷಯ ನಿಂತಿರುವುದು ಇದರ ಮೇಲೆ.

ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಒಂದು ತಂಡ ಸಂಧಿವಾತದ 40 ರೋಗಿಗಳನ್ನು ಮೂವರು ಚೀನೀ ಪದ್ಧತಿಯ ವೈದ್ಯರಿಗೆ ಒಬ್ಬೊಬ್ಬರಾಗಿ ತೋರಿಸಿತು. ಮೂವರೂ ಅದೇ ರೋಗಿಗಳನ್ನೇ ನೋಡಿದರು. ಝೆಂಗ್ ವಿಷಯದಲ್ಲಿ ಇಬ್ಬಿಬ್ಬರ ನಡುವೆ ಹೊಂದಿಕೆಯಾದದ್ದು ಸರಾಸರಿ ನೂರಕ್ಕೆ 32ರಷ್ಟು. ಇದು 2005ರ ಫಲಿತಾಂಶ. ಹಿಂದಿನ ವರ್ಷ ಹೊರಬಂದ ಇನ್ನೊಂದು ಅಧ್ಯಯನದಲ್ಲಿ ಅದು ಬರೀ 28 ಇತ್ತು.

ಈಗ ಯೋಚನೆ ಮಾಡಿ. ಜೊಲ್ಲಿನ ಪರೀಕ್ಷೆ ಸರಿ ಇದೆಯಾ ಎಂದು ನೋಡುವುದು ಯಾವುದರ ಎದುರಿಗೆ? ವೈದ್ಯರು ಕೊಟ್ಟ ಹೆಸರಿನ ಎದುರಿಗೆ. ಬಯಾಪ್ಸಿಯ ಹಾಗೆ ಬೇರೆ ಸಾಕ್ಷಿ ಝೆಂಗ್‌ಗೆ ಇಲ್ಲ. ಆ ಹೆಸರೇ ಒಬ್ಬರಿಂದ ಒಬ್ಬರಿಗೆ ಬದಲಾದರೆ, ಜೊಲ್ಲು ಹೊಂದಿಕೊಳ್ಳಬೇಕಾದದ್ದು ಯಾರ ಮಾತಿಗೆ? ಎರಡು ಸೇರು ಅಕ್ಕಿ ಇದೆಯಾ ಎಂದು ನೋಡಲು ಹೊಸ ತಕ್ಕಡಿ ತಂದಿರಿ. ತಕ್ಕಡಿ ಸರಿ ಇದೆಯಾ ಎಂದು ನೋಡುವ ಬಟ್ಟು ಮಾತ್ರ ಅಂಗಡಿಯಿಂದ ಅಂಗಡಿಗೆ ಬೇರೆ. ತಕ್ಕಡಿ ಎಷ್ಟೇ ದುಬಾರಿಯದಾದರೂ ಬಟ್ಟಿಗಿಂತ ನಿಖರ ಆಗಲಾರದು.

ಇದಕ್ಕೆ ಪರಿಹಾರ ಇಲ್ಲ ಅಂತಲ್ಲ. ಒಂದೇ ಪ್ರಶ್ನಾವಳಿ ಇಟ್ಟು ಮೂವರು ಅನುಭವಿ ವೈದ್ಯರು ಬೇರೆ ಬೇರೆ ನೋಡಲಿ. ಮೂವರೂ ಒಪ್ಪಿದ ರೋಗಿಗಳನ್ನು ಮಾತ್ರ ಮೊದಲ ಹಂತಕ್ಕೆ ತಗೊಳ್ಳಲಿ. ನಾಲಿಗೆಯ ಫೋಟೋವನ್ನು ಒಂದೇ ಬೆಳಕಿನಲ್ಲಿ ತೆಗೆಯಲಿ. ಲ್ಯಾಬಿನವರಿಗೆ ಯಾವ ಟ್ಯೂಬ್ ಯಾರದು ಎಂದು ಗೊತ್ತಿರದಿರಲಿ. ಮಾಡುವವರು ಮಾಡುತ್ತಿದ್ದಾರೆ. "ಒಬ್ಬ ಹಿರಿಯ ವೈದ್ಯರು ನಿರ್ಧರಿಸಿದರು" ಎಂದು ಒಂದು ಸಾಲಿನಲ್ಲಿ ಮುಗಿಸಿದ ಪೇಪರನ್ನು ನಾನು ಅಲ್ಲಿಗೇ ಮಡಚಿ ಇಡುತ್ತೇನೆ.

ಇಂಥ ಕೆಲವು ಪೇಪರ್‌ಗಳಲ್ಲಿ ನೂರಕ್ಕೆ 90ರ ಮೇಲೆ ನಿಖರ ಎಂದು ಬರೆದಿರುತ್ತಾರಲ್ಲ?

ಸಾವಿರ ಪ್ರೋಟೀನುಗಳನ್ನು ಎರಡು ಗುಂಪಿನ ನಡುವೆ ಹೋಲಿಸಿದರೆ, ನಿಜವಾದ ವ್ಯತ್ಯಾಸ ಒಂದೂ ಇಲ್ಲದಿದ್ದರೂ ಬರೀ ಅದೃಷ್ಟದಿಂದ ಸುಮಾರು 50 ಪ್ರೋಟೀನು "ವ್ಯತ್ಯಾಸ ಇದೆ" ಎಂದು ಕೈ ಎತ್ತುತ್ತವೆ. ಸಾಮಾನ್ಯವಾಗಿ ಬಳಸುವ ನೂರಕ್ಕೆ 5ರ ಗೆರೆಯ ಲೆಕ್ಕ ಅದು. ಅವುಗಳಲ್ಲಿ ಚೆಂದದ ನಾಲ್ಕನ್ನು ಆರಿಸಿ ಅದೇ 30 ಜನರ ಮೇಲೆ ಪರೀಕ್ಷೆ ಮಾಡಿದರೆ ಅಂಕ ಬಂದೇ ಬರುತ್ತದೆ. ತಾನೇ ಪ್ರಶ್ನೆಪತ್ರಿಕೆ ಬರೆದು ತಾನೇ ಪರೀಕ್ಷೆಗೆ ಕೂತ ಹಾಗೆ.

2002ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ರಕ್ತದ ಪ್ರೋಟೀನಿನ ನಮೂನೆಯಿಂದ ಅಂಡಾಶಯದ ಕ್ಯಾನ್ಸರ್ ಹಿಡಿಯುವ ಒಂದು ಪೇಪರ್ ಬಂತು. ಅಧ್ಯಯನದಲ್ಲಿದ್ದ ಒಂದು ಕ್ಯಾನ್ಸರನ್ನೂ ಅದು ಬಿಟ್ಟಿರಲಿಲ್ಲ. ದೊಡ್ಡ ಸುದ್ದಿಯಾಯಿತು. ಆಮೇಲೆ ಟೆಕ್ಸಾಸ್‌ನ ಸಂಖ್ಯಾಶಾಸ್ತ್ರಜ್ಞರು ಅದೇ ದತ್ತಾಂಶ ತಗೊಂಡು ಕೂತು ನೋಡಿದರು. ವ್ಯತ್ಯಾಸದಲ್ಲಿ ಬಹಳಷ್ಟು ಬಂದದ್ದು ಕ್ಯಾನ್ಸರಿನಿಂದ ಅಲ್ಲ, ಸ್ಯಾಂಪಲ್‌ಗಳನ್ನು ಓಡಿಸಿದ ರೀತಿ ಮತ್ತು ಯಂತ್ರದ ಏರುಪೇರಿನಿಂದ ಇರಬಹುದು ಎಂದು ತೋರಿಸಿದರು. ಮೇಲೆ ಕಾಫಿ ಕುಡಿದದ್ದಕ್ಕೆ ನನ್ನನ್ನು ವಾಪಸ್ ಕಳಿಸಿದರಲ್ಲ, ಆಗ ಸಿಟ್ಟು ಬಂದಿತ್ತು. ಈ ಕಥೆ ಓದಿದ ಮೇಲೆ ಹೋಯಿತು.

ಜೊಲ್ಲಿನಿಂದ ಕ್ಯಾನ್ಸರ್ ಇದೆಯಾ ಇಲ್ಲವಾ ಎಂದು ಗೊತ್ತಾಗುವುದೇ ಇಲ್ವಾ?

ಬಾಯಿ ಕ್ಯಾನ್ಸರಿನ ವಿಷಯದಲ್ಲಿ ಆಸೆ ಜಾಸ್ತಿ, ಗಡ್ಡೆಯೇ ಜೊಲ್ಲಿನಲ್ಲಿ ನೆನೆಯುತ್ತಿರುತ್ತದೆ. ಆದರೂ ಲೆಕ್ಕ ಹಾಕಿ ನೋಡಿ. ಮೇಲೆ ಹೇಳಿದ 2008ರ ಐದು ಪ್ರೋಟೀನುಗಳು ಕ್ಯಾನ್ಸರ್ ಇರುವ 100 ಜನರಲ್ಲಿ 90 ಜನರನ್ನು ಹಿಡಿದವು, ಇಲ್ಲದ 100ರಲ್ಲಿ 83 ಜನರನ್ನು ಸರಿಯಾಗಿ ಬಿಟ್ಟವು. ಒಳ್ಳೆಯ ಅಂಕ ಅನ್ನಿಸುತ್ತದೆ. ಈಗ ಇದನ್ನು ಹಿಡಿದುಕೊಂಡು 10,000 ಜನರ ಒಂದು ಊರಿಗೆ ಹೋಗೋಣ. ಅಲ್ಲಿ 10 ಜನರಿಗೆ ಬಾಯಿ ಕ್ಯಾನ್ಸರ್ ಇದೆ ಎಂದುಕೊಳ್ಳಿ. 9 ಜನ ಸಿಕ್ಕರು. ಜೊತೆಗೆ ಏನೂ ಇಲ್ಲದ ಸುಮಾರು 1,700 ಜನರಿಗೂ "ಇರಬಹುದು" ಎಂದು ಚೀಟಿ ಹೋಯಿತು. ಅಷ್ಟೂ ಮನೆಯಲ್ಲಿ ಆ ರಾತ್ರಿ ಯಾರೂ ಮಲಗಿರಲ್ಲ.

ಒಳ್ಳೆಯ ಉದಾಹರಣೆಯೂ ಇದೆ, ಆದರೆ ಅದು ರಕ್ತದ್ದು. ಮೂಗಿನ ಹಿಂಭಾಗದ ಕ್ಯಾನ್ಸರ್ ದಕ್ಷಿಣ ಚೀನಾದಲ್ಲಿ ಎಷ್ಟು ಸಾಮಾನ್ಯ ಎಂದರೆ ಅಲ್ಲಿನ ಪ್ರಾಂತ್ಯದ ಹೆಸರಿನಲ್ಲಿ ಅದಕ್ಕೆ ಗುವಾಂಗ್‌ಡೊಂಗ್ ಕ್ಯಾನ್ಸರ್ ಎಂದೇ ಅಡ್ಡಹೆಸರು. ಹಾಂಗ್‌ಕಾಂಗ್‌ನಲ್ಲಿ ರಕ್ತದಲ್ಲಿರುವ ಒಂದು ವೈರಸ್ಸಿನ ಡಿಎನ್‌ಎ ಹುಡುಕಿ 20,174 ಗಂಡಸರನ್ನು ಪರೀಕ್ಷಿಸಿದರು. ಎರಡು ಸಲವೂ ಪಾಸಿಟಿವ್ ಬಂದವರು 309. ಕ್ಯಾನ್ಸರ್ ಇದ್ದದ್ದು 34 ಜನಕ್ಕೆ. 2017ರಲ್ಲಿ ಪ್ರಕಟವಾದ ಈ ಕೆಲಸವನ್ನು ಇಂದಿಗೂ ಮೆಚ್ಚುತ್ತಾರೆ. ಜೊಲ್ಲಿನ ಪ್ರೋಟೀನು ಇಷ್ಟು ದೊಡ್ಡ ಪರೀಕ್ಷೆಗೆ ಇನ್ನೂ ಕೂತಿಲ್ಲ.

ಬಾಯಿ ಒಣಗಿದವರಿಗೆ, ಹುಣ್ಣಾದವರಿಗೆ ಈ ಪರೀಕ್ಷೆ ನಡೆಯುತ್ತಾ?

ಕಷ್ಟ. ಕುತ್ತಿಗೆ ಮತ್ತು ಬಾಯಿಯ ಭಾಗಕ್ಕೆ ರೇಡಿಯೇಷನ್ ಆದವರಲ್ಲಿ ಜೊಲ್ಲಿನ ಗ್ರಂಥಿಗಳೇ ಸುಟ್ಟಿರುತ್ತವೆ. ಪಕ್ಕದಲ್ಲಿ ನೀರಿನ ಬಾಟಲಿ ಇಲ್ಲದೆ ನಾಲ್ಕು ತುತ್ತು ಚಪಾತಿ ಇಳಿಯುವುದಿಲ್ಲ. ಚೀನೀ ವೈದ್ಯರು ಇವರನ್ನು "ಯಿನ್ (ಮೈಯ ತಂಪು, ಪಸೆ) ಕಡಿಮೆ" ಎನ್ನುತ್ತಾರೆ. ಇಲ್ಲಿ ಜೊಲ್ಲು ಕಡಿಮೆ ಇರುವುದೇ ಝೆಂಗ್‌ನ ಲಕ್ಷಣ. ಕಡಿಮೆ ಜೊಲ್ಲಿನಲ್ಲಿ ಪ್ರೋಟೀನು ದಟ್ಟವಾಗಿ ಕಾಣುವುದು ಸಹಜ, ಸಾರು ಕುದ್ದು ಬತ್ತಿದರೆ ಉಪ್ಪು ಏರುವ ಹಾಗೆ. ಅದನ್ನೇ ಹೊಸ ಗುರುತು ಎಂದು ಬರೆದುಬಿಟ್ಟರೆ ಸುತ್ತು ಹಾಕಿ ಹೊರಟಲ್ಲಿಗೇ ಬಂದ ಹಾಗಾಯಿತು. ಕೀಮೋ ಹುಣ್ಣು, ವಸಡಿನ ರಕ್ತ, ಬೀಡಿ, ಎಲೆಅಡಿಕೆ ಇವೆಲ್ಲ ಕೂಡ ಲೆಕ್ಕ ಕೆಡಿಸುತ್ತವೆ.

ಚೀನೀ ವೈದ್ಯದಿಂದ ಕ್ಯಾನ್ಸರಿಗೆ ನಿಜವಾಗಿ ಏನಾದರೂ ಸಿಕ್ಕಿದೆಯಾ?

ಸಿಕ್ಕಿದೆ. ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಆರ್ಸೆನಿಕ್. 1970ರ ದಶಕದಲ್ಲಿ ಚೀನಾದ ಹಾರ್ಬಿನ್‌ನ ವೈದ್ಯ ಜಾಂಗ್ ಟಿಂಗ್‌ಡೊಂಗ್ ಮತ್ತು ಜೊತೆಗಾರರು ಹಳ್ಳಿಯ ಮದ್ದಿನ ಜಾಡು ಹಿಡಿದು ಹೋಗಿ, ಕೊನೆಗೆ ಅದರೊಳಗಿನ ಆರ್ಸೆನಿಕ್ ಟ್ರೈಆಕ್ಸೈಡನ್ನು ಮುಟ್ಟಿದರು. 2000ದಲ್ಲಿ ಅಮೆರಿಕದಲ್ಲೂ ಒಪ್ಪಿಗೆ ಸಿಕ್ಕಿತು. ಇವತ್ತು ಅದು ಆ ರೋಗದ ಮುಖ್ಯ ಔಷಧಿಗಳಲ್ಲಿ ಒಂದು. ಆದರೆ ಯಾರಿಗೆ ಕೊಡಬೇಕು ಎಂದು ನಿರ್ಧರಿಸುವುದು ಝೆಂಗ್ ಅಲ್ಲ. 15 ಮತ್ತು 17ನೇ ಕ್ರೋಮೋಸೋಮುಗಳ ತುಂಡು ಅದಲುಬದಲಾಗಿದೆಯಾ ಎಂಬ ಜೀನ್ ಪರೀಕ್ಷೆ. ಮದ್ದು ಉಳಿಯಿತು, ಹೆಸರಿಡುವ ಪದ್ಧತಿ ಬದಲಾಯಿತು. ಝೆಂಗ್‌ಗೂ ಜೊಲ್ಲಿನಲ್ಲಿ ಇಂಥ ಒಂದು ಗಟ್ಟಿ ಗುರುತು ಸಿಕ್ಕರೆ, ಆಮೇಲೆ ಝೆಂಗ್ ಎಂಬ ಪದದ ಅಗತ್ಯ ಎಷ್ಟಿರುತ್ತದೆ? ಈ ಪ್ರಶ್ನೆ ಅಲ್ಲಿನವರನ್ನೂ ಕಾಡುತ್ತದೆ.

ಗಿಡಮೂಲಿಕೆ ತಾನೇ, ಜೊತೆಗೆ ತಗೊಂಡರೆ ಏನಾಗುತ್ತೆ?

1990ರ ದಶಕದ ಶುರುವಿನಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಚೀನೀ ಮೂಲಿಕೆ ತಗೊಂಡ ನೂರಕ್ಕೂ ಹೆಚ್ಚು ಜನರ, ಹೆಚ್ಚಾಗಿ ಹೆಂಗಸರ, ಕಿಡ್ನಿ ಕೆಟ್ಟಿತು. ಒಂದು ಮೂಲಿಕೆಯ ಬದಲು ಇನ್ನೊಂದು ಸೇರಿಹೋಗಿತ್ತು. ಆ ಇನ್ನೊಂದರಲ್ಲಿ ಅರಿಸ್ಟೊಲೋಕಿಕ್ ಆಮ್ಲ ಇತ್ತು. ಆಮೇಲೆ ಅವರಲ್ಲಿ ಹಲವರಿಗೆ ಮೂತ್ರನಾಳದ ಕ್ಯಾನ್ಸರ್ ಬಂತು. ಇದು ದೂರದ ಕಥೆ ಅನ್ನಿಸಿದರೆ ಕೇಳಿ: ನಮ್ಮ ಹಳ್ಳಿಗಳಲ್ಲಿ ಹಾವು ಕಡಿತಕ್ಕೆ ಎಂದು ಕೊಡುವ ಈಶ್ವರಿ ಬಳ್ಳಿ ಅದೇ ಕುಲದ ಗಿಡ.

ಮೂಲಿಕೆ ಒಂದನ್ನೇ ನಂಬಿ ಚಿಕಿತ್ಸೆ ಬಿಟ್ಟರೆ ಇನ್ನೂ ಕಷ್ಟ. 2018ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಗುಣವಾಗಬಹುದಾದ ಕ್ಯಾನ್ಸರ್ ಇದ್ದೂ ಬದಲಿ ವೈದ್ಯ ಮಾತ್ರ ಆರಿಸಿಕೊಂಡ 281 ಜನರನ್ನು ನೋಡಿದರು. ಮಾಮೂಲಿ ಚಿಕಿತ್ಸೆ ತಗೊಂಡವರಿಗೆ ಹೋಲಿಸಿದರೆ ಅವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು. ಕಷಾಯ ಏನೇ ತಗೊಳ್ಳುತ್ತಿದ್ದರೂ ನಿಮ್ಮ ಕ್ಯಾನ್ಸರ್ ವೈದ್ಯರಿಗೆ ಹೇಳಿ. ಬೈಯುತ್ತಾರೆ ಎಂದು ಮುಚ್ಚಿಡಬೇಡಿ. ಬೈಸಿಕೊಳ್ಳಿ.

ನಮ್ಮ ಆಯುರ್ವೇದಕ್ಕೂ ಹೀಗೇ ಮಾಡಬಹುದಾ?

ಮಾಡಬಹುದು. ನಾಲಿಗೆಯಲ್ಲಿರುವ ಕಫಕ್ಕೆ ಬೋಧಕ ಕಫ ಎಂದು ಹೆಸರೇ ಇದೆ, ನಾಲಿಗೆ ನೋಡುವುದು ಅಷ್ಟಸ್ಥಾನ ಪರೀಕ್ಷೆಯಲ್ಲಿ, ಅಂದರೆ ರೋಗಿಯಲ್ಲಿ ನೋಡುವ ಎಂಟು ಅಂಶಗಳಲ್ಲಿ ಒಂದು. ವಾತ, ಪಿತ್ತ, ಕಫ ಪ್ರಕೃತಿಗಳಿಗೆ ಜೀನಿನ ಗುರುತು ಹುಡುಕುವ ಕೆಲಸ ದೆಹಲಿಯಲ್ಲಿ ಆಗಲೇ ನಡೆದಿದೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಪಟ್ಟಿಯ 11ನೇ ಆವೃತ್ತಿಯಲ್ಲಿ ಝೆಂಗ್‌ಗಳಿಗೂ ಜಾಗ ಕೊಟ್ಟಿತು, ಅದು ಜಾರಿಗೆ ಬಂದದ್ದು 2022ರಲ್ಲಿ. ಆಯುರ್ವೇದ, ಸಿದ್ಧ, ಯುನಾನಿಗಳ ಸಂಕೇತಗಳು 2024ರಲ್ಲಿ ಬಂದವು. ಪಟ್ಟಿಯಲ್ಲಿ ಸಂಕೇತ ಸಿಕ್ಕಿತು ಎಂದರೆ ಅದು ನಿಜವೆಂದು ಸಾಬೀತಾಯಿತು ಅಂತಲ್ಲ, ಎಣಿಸಲು ಒಂದು ಹೆಸರು ಸಿಕ್ಕಿತು ಅಷ್ಟೇ. ಬಟ್ಟಿನ ಸಮಸ್ಯೆ ಇಲ್ಲೂ ಹಾಗೇ ಇದೆ. ಮೂವರು ವೈದ್ಯರಿಗೆ ನಿಮ್ಮ ನಾಡಿ ತೋರಿಸಿ ನೋಡಿ.

ನಾನು ಇಲ್ಲಿ ಈ ಪರೀಕ್ಷೆ ಮಾಡಿಸಬಹುದಾ? ಎಷ್ಟಾಗುತ್ತೆ?

ಇದು ಸಂಶೋಧನೆಯ ಹಂತದಲ್ಲಿದೆ. ಝೆಂಗ್ ಹೇಳುವ ಜೊಲ್ಲಿನ ಪರೀಕ್ಷೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಅಡಿಕೆ ಹಾಕುತ್ತೇನೆ. ಜೊಲ್ಲು ಪರೀಕ್ಷೆ ಬರುವವರೆಗೆ ಏನು ಮಾಡಲಿ?

ಚೀನಾದ ಹುನಾನ್ ಪ್ರಾಂತ್ಯದವರೂ ನಿಮ್ಮ ಹಾಗೇ. ಅಲ್ಲಿ ಸಂಸ್ಕರಿಸಿದ ಅಡಿಕೆ ಜಗಿಯುವುದು ದೊಡ್ಡ ಚಟ, ದೊಡ್ಡ ವ್ಯಾಪಾರ. 2021ರಲ್ಲಿ ಚೀನಾ ಟಿವಿ ರೇಡಿಯೋಗಳಲ್ಲಿ ಅಡಿಕೆ ಜಾಹೀರಾತು ನಿಲ್ಲಿಸಿತು. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಸೇರಿಸಿದೆ. ದೇಶದಲ್ಲಿ ಅತಿ ಜಾಸ್ತಿ ಅಡಿಕೆ ಬೆಳೆಯುವ ರಾಜ್ಯದಲ್ಲಿ ಕೂತು ಇದನ್ನು ಬರೆಯುವುದು ಸುಲಭ ಅಲ್ಲ, ನಮ್ಮ ಮನೆಯಲ್ಲೂ ತೋಟ ಇದೆ. ಆದರೂ ಪ್ರಪಂಚದ ಬಾಯಿ ಕ್ಯಾನ್ಸರಿನಲ್ಲಿ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ನಮ್ಮ ದೇಶದ್ದು.

ಪರೀಕ್ಷೆಗೆ ಕಾಯಬೇಡಿ. ಕನ್ನಡಿ ಮುಂದೆ ನಿಂತು ಮೊಬೈಲ್ ಟಾರ್ಚ್ ಹಾಕಿ. ಕೆನ್ನೆಯ ಒಳಭಾಗ ಎಳೆದು ನೋಡಿ, ನಾಲಿಗೆ ಎತ್ತಿ ಕೆಳಗೆ ನೋಡಿ, ಎರಡೂ ಪಕ್ಕ ನೋಡಿ. ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ, ಹುಣ್ಣೊಂದು ಎರಡು ಮೂರು ವಾರವಾದರೂ ಮಾಯದಿದ್ದರೆ, ಮೊದಲಿನಷ್ಟು ಬಾಯಿ ಬಿಡಲು ಆಗದಿದ್ದರೆ ದಂತ ವೈದ್ಯರ ಹತ್ತಿರ ಹೋಗಿ. ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ಹೋಗುತ್ತದಾ ನೋಡಿ. ಹೋಗದಿದ್ದರೆ ನಾಳೆಯೇ ಹೋಗಿ.